ಹುಳು ಹಣ್ಣಾಗುವ ದಿನ

ಬೆಳಗಿನ ರೈಲಿಗೆಂದು ತೊಂಡೇಬಾವಿ ನಿಲ್ದಾಣಕ್ಕೆ ಬಂದವರು ಗಾಡಿ ಕಾಣಿಸುವ ಮುಂಚೆಯೇ ಪ್ಲಾಟ್‌ಫಾರ್ಮಿನ ಮೇಲೆ ಅಲ್ಲಲ್ಲಿ ಗುಂಪುಗೂಡಿ ನಿಂತಿರುತ್ತಾರೆ. ಇಂಥಲ್ಲೇ ನಿಲ್ಲಿ ಎಂದು ಅವರಿಗೆ ಯಾರೂ ಗೆರೆ ಎಳೆದು ಕೊಟ್ಟಿಲ್ಲ. ಹಿಂದೂಪುರದ ಕಡೆಯಿಂದ ಬರುವ ಗಾಡಿಯ ಯಾವ ಬೋಗಿ ಎಲ್ಲಿಗೆ ಬಂದು ನಿಲ್ಲುತ್ತದೆ, ಯಾವುದು ಗೌರಿಬಿದನೂರಿನಲ್ಲೇ ತುಂಬಿ ಬರುತ್ತದೆ ಎನ್ನುವುದು ದಿನವೂ ಓಡಾಡುವವರ ಕಾಲಿಗೇ ಗೊತ್ತು. ಹತ್ತಿದ ಮೇಲೆ ಎರಡನೇ ಲೆಕ್ಕ ಶುರು. "ಎಲ್ಲಿ ಇಳೀತೀರಕ್ಕ?" ಎಂದು ಕೂತವರನ್ನು ಕೇಳುತ್ತಾರೆ. "ದೊಡ್ಡಬಳ್ಳಾಪುರ" ಎಂದರೆ ಅವರ ಪಕ್ಕದಲ್ಲೇ ಕಂಬಿ ಹಿಡಿದು ನಿಲ್ಲುತ್ತಾರೆ. "ಯಲಹಂಕ" ಎಂದರೆ ಮುಂದಿನ ಸೀಟಿನ ಕಡೆ ಸರಿಯುತ್ತಾರೆ. ಮಾಕಳಿದುರ್ಗದ ಬೆಟ್ಟ ಹಿಂದಕ್ಕೆ ಬೀಳುವಷ್ಟರಲ್ಲಿ ಯಾವ ಸೀಟು ಯಾರಿಗೆ ಎನ್ನುವುದು ಮಾತಿಲ್ಲದೆ ತೀರ್ಮಾನವಾಗಿರುತ್ತದೆ.

ಮುಂದೇನಾಗುತ್ತದೆ ಎಂಬ ಮಾತು ಬಂದ ಕೂಡಲೇ ನಮ್ಮ ಮನಸ್ಸು ಪಂಚಾಂಗ, ಜಾತಕ, ಕಣಿ, ಬುಡುಬುಡಿಕೆಯವನ ನುಡಿಯ ಕಡೆ ಓಡುತ್ತದೆ. ಆದರೆ ದಿನ ಬೆಳಗಾದರೆ ನಾವು ಲೆಕ್ಕವಿಲ್ಲದಷ್ಟು ಸಲ ಮುಂದಿನದನ್ನು ಅಂದಾಜು ಮಾಡುತ್ತೇವೆ, ಅದಕ್ಕೆ ಯಾವ ಜೋಯಿಸರನ್ನೂ ಕೇಳುವುದಿಲ್ಲ. ಹಾಲಿನ ಡೇರಿಯ ಮುಂದೆ ಕ್ಯಾನು ಇಟ್ಟು ಮನೆಗೆ ಹೋದವಳಿಗೆ ತನ್ನ ಸರದಿ ಬರುವ ಹೊತ್ತು ಗೊತ್ತು. ಮದುವೆ ಮನೆಯ ಅಡುಗೆಯವರಿಗೆ ಮೊದಲ ಪಂಕ್ತಿಗೆ ಎಷ್ಟು ಎಲೆ, ಕೊನೆಯ ಪಂಕ್ತಿಗೆ ಎಷ್ಟು ಎಲೆ ಎನ್ನುವುದು ಗೊತ್ತು. ಈ ಅಂದಾಜುಗಳು ಬಹುತೇಕ ಸರಿಹೋಗುವುದರಿಂದಲೇ ನಾವು ಅವನ್ನು ಗಮನಿಸುವುದಿಲ್ಲ. ಅವುಗಳಲ್ಲಿ ಹೆಚ್ಚಿನವು ಗ್ರಹಗಳ ಬಗ್ಗೆಯೂ ಅಲ್ಲ, ಮಳೆಯ ಬಗ್ಗೆಯೂ ಅಲ್ಲ. ಇನ್ನೊಬ್ಬ ಮನುಷ್ಯ ಏನು ಮಾಡುತ್ತಾನೆ ಎಂಬುದರ ಬಗ್ಗೆ.

ಇದನ್ನು ತಾಳ್ಮೆಯಿಂದ ಬಿಡಿಸಿ ನೋಡಿದವನು ಆಲ್ಫ್ರೆಡ್ ಶುಟ್ಸ್. 1899ರಲ್ಲಿ ವಿಯೆನ್ನಾದಲ್ಲಿ ಹುಟ್ಟಿ, ನಾಜಿಗಳ ಕಾಟಕ್ಕೆ ಊರು ಬಿಟ್ಟು 1939ರಲ್ಲಿ ನ್ಯೂಯಾರ್ಕ್ ಸೇರಿದವನು. ಹಗಲೆಲ್ಲ ಬ್ಯಾಂಕಿನ ವ್ಯವಹಾರ, ಉಳಿದ ಹೊತ್ತಿನಲ್ಲಿ ತತ್ವಶಾಸ್ತ್ರ ಮತ್ತು ಪಾಠ. ಅವನು ತೀರಿಕೊಂಡ 1959ರಲ್ಲೇ ಅಚ್ಚಾದ ಒಂದು ಪ್ರಬಂಧದಲ್ಲಿ ಗ್ರೀಕ್ ಪುರಾಣದ ಕುರುಡು ದರ್ಶಿ ಟೈರೀಸಿಯಸ್‌ನನ್ನು ಮುಂದಿಟ್ಟುಕೊಂಡು, ಮುಂದಾಗುವುದು ನಮಗೆ ಹೇಗೆ ತಿಳಿಯುತ್ತದೆ ಎಂದು ಕೇಳುತ್ತಾನೆ. ಟೈರೀಸಿಯಸ್‌ಗೆ ಬರುವುದೆಲ್ಲ ಕಾಣುತ್ತದೆ, ಆದರೆ ಅದನ್ನು ಬದಲಾಯಿಸುವ ಕೈ ಇಲ್ಲ. ನಮ್ಮ ಜನ ಸಹದೇವನ ಬಗ್ಗೆ ಹೇಳುವುದೂ ಇದನ್ನೇ: ಎಲ್ಲ ಗೊತ್ತಿದ್ದೂ ಬಾಯಿ ಬಿಡಲಾಗದವನು. ಸಾಮಾನ್ಯ ಮನುಷ್ಯನ ಸ್ಥಿತಿ ಇದಕ್ಕೆ ತಿರುಗುಮುರುಗು ಎನ್ನುವುದು ಶುಟ್ಸ್‌ನ ವಾದದ ತಿರುಳು. ನಮಗೆ ಬರುವುದು ಕಾಣುವುದಿಲ್ಲ, ಆದರೆ ಅದರಲ್ಲಿ ನಮ್ಮ ಕೈ ಇದೆ. ಹಿಂದೆ ಹೀಗಾಗಿತ್ತು, ಇಂಥವರು ಇಂಥ ಹೊತ್ತಿನಲ್ಲಿ ಹೀಗೆ ನಡೆದುಕೊಳ್ಳುತ್ತಾರೆ ಎಂಬ ಅನುಭವದ ಗಂಟು ಬಿಚ್ಚಿ, ಮುಂದೆಯೂ ಹೆಚ್ಚುಕಡಿಮೆ ಹಾಗೆಯೇ ಆಗುತ್ತದೆ ಎಂದು ನಂಬಿ ಹೆಜ್ಜೆ ಇಡುತ್ತೇವೆ. ನಾವು ಊಹಿಸುವುದು ಘಟನೆಯ ಬಗೆಯನ್ನೇ ಹೊರತು ಅದರ ಪೂರ್ತಿ ರೂಪವನ್ನಲ್ಲ. ರೈಲು ಬರುತ್ತದೆ ಎಂದು ಗೊತ್ತು. ಕಿಟಕಿಯ ಪಕ್ಕ ಇವತ್ತು ಯಾರು ಕೂತಿರುತ್ತಾರೆ ಎಂದು ಗೊತ್ತಿಲ್ಲ.

ಈ ಮಾತನ್ನು ಹತ್ತಿರದಿಂದ ನೋಡಬೇಕಾದರೆ ಚಿಕ್ಕಬಳ್ಳಾಪುರ ಸೀಮೆಯ ರೇಷ್ಮೆ ಮನೆಗಿಂತ ಒಳ್ಳೆಯ ಜಾಗ ನನಗೆ ಕಂಡಿಲ್ಲ. ಶಿಡ್ಲಘಟ್ಟ, ಚಿಂತಾಮಣಿ ಕಡೆ ಹೆಚ್ಚು, ಗೌರಿಬಿದನೂರಿನ ಕಡೆ ಅಷ್ಟಿಲ್ಲದಿದ್ದರೂ ಇದೆ. ಹಿಪ್ಪುನೇರಳೆ ಗಿಡವನ್ನು ಕಟಾವು ಮಾಡಿದ ದಿನವೇ ಲೆಕ್ಕ ಹುಟ್ಟುತ್ತದೆ. ಸೊಪ್ಪು ಮತ್ತೆ ಕೊಯ್ಲಿಗೆ ಬರಲು ಸುಮಾರು ಎರಡು ತಿಂಗಳು ಬೇಕು. ಹುಳುವಿನ ಹಸಿವು ತುದಿ ಮುಟ್ಟುವ ವಾರ ಮತ್ತು ಸೊಪ್ಪು ಬಲಿಯುವ ವಾರ ಒಂದೇ ಆಗಬೇಕು. ಅದಕ್ಕಾಗಿ ಮೊಟ್ಟೆ ಯಾವಾಗ ತರಬೇಕು ಎಂದು ರೈತ ಹಿಂದಕ್ಕೆ ಎಣಿಸುತ್ತಾನೆ. ಕೊನೆಯಿಂದ ಮೊದಲಿಗೆ ಬರುವ ಈ ಎಣಿಕೆ ಇಲ್ಲಿನ ಮಕ್ಕಳಿಗೂ ಬರುತ್ತದೆ.

ಮೊಟ್ಟೆ ಮರಿಯಾಗುವುದಕ್ಕೆ ಹತ್ತು ಹನ್ನೊಂದು ದಿನ. ಒಂದು ತಾಯಿ ಚಿಟ್ಟೆ ಇಟ್ಟ ನಾನೂರು ಐನೂರು ಮೊಟ್ಟೆಗಳು ಬಿಟ್ಟಲ್ಲಿ ಒಂದೊಂದಾಗಿ ಎರಡು ಮೂರು ದಿನ ಒಡೆಯುತ್ತವೆ. ಹಾಗಾದರೆ ಕೆಟ್ಟಿತು: ದೊಡ್ಡ ಹುಳು, ಸಣ್ಣ ಹುಳು ಒಂದೇ ತಟ್ಟೆಯಲ್ಲಿ ಸೇರಿ ಕೊನೆಯವರೆಗೂ ಗೋಳು. ಆದ್ದರಿಂದ ಮೊಟ್ಟೆಯ ಮೇಲೆ ಸೂಜಿಮೊನೆಯಂಥ ಕಪ್ಪು ಚುಕ್ಕೆ ಕಾಣಿಸಿ ನೀಲಿಗೆ ತಿರುಗುವ ಹೊತ್ತಿಗೆ ಹಾಳೆಗಳನ್ನು ಕಪ್ಪು ಕಾಗದದಲ್ಲಿ ಸುತ್ತಿಡುತ್ತಾರೆ. ಮುಂದೆ ಹೋದ ಮೊಟ್ಟೆ ಕತ್ತಲಲ್ಲಿ ಕಾಯುತ್ತದೆ, ಹಿಂದೆ ಬಿದ್ದದ್ದು ಅಷ್ಟರಲ್ಲಿ ಸೇರಿಕೊಳ್ಳುತ್ತದೆ. ಗೊತ್ತು ಮಾಡಿದ ದಿನ ಬೆಳಿಗ್ಗೆ ಕಾಗದ ಬಿಚ್ಚಿ ಬೆಳಕಿಗೆ ಹಿಡಿದರೆ ಸ್ವಲ್ಪ ಹೊತ್ತಿನಲ್ಲೇ ಹಾಳೆಯ ಮೇಲೆ ಕಪ್ಪು ಇರುವೆಗಳಂತೆ ಮರಿಗಳು ಮಿಜಿಗುಡುತ್ತವೆ. ಇಲ್ಲಿ ಯಾರೂ ನಾಳೆಯನ್ನು ಊಹಿಸುತ್ತಾ ಕೂತಿಲ್ಲ. ನಾಳೆ ಒಂದೇ ದಿನ, ಒಂದೇ ಹೊತ್ತಿಗೆ ಬರುವ ಹಾಗೆ ಅದನ್ನು ಮಡಿಸಿ ಇಟ್ಟಿದ್ದಾರೆ.

ಈಚೆಗೆ ಬಹಳ ಜನ ಮೊಟ್ಟೆಯ ಬದಲು ಮರಿ ಹುಳು ಸಾಕಿ ಕೊಡುವ ಚಾಕಿ ಕೇಂದ್ರದಿಂದ ಎರಡನೇ ಜ್ವರ ಎದ್ದ ಹುಳು ತರುತ್ತಾರೆ. ಹುಳು ಪೊರೆ ಬಿಡಲು ಮೇವು ಬಿಟ್ಟು ತಲೆಯೆತ್ತಿ ಕೂರುವುದನ್ನು ಈ ಕಡೆ ಜ್ವರಕ್ಕೆ ಕೂರುವುದು ಎನ್ನುತ್ತಾರೆ. ನಾಲ್ಕು ಜ್ವರ ಕಳೆದ ಮೇಲೆ ಐದನೇ ಹಂತ. ಇಡೀ ಜೀವಮಾನದಲ್ಲಿ ತಿನ್ನುವ ಸೊಪ್ಪಿನ ಶೇ 80ಕ್ಕೂ ಹೆಚ್ಚು ಭಾಗವನ್ನು ಹುಳು ಈ ಆರೇಳು ದಿನದಲ್ಲಿ ತಿನ್ನುತ್ತದೆ. ರಾತ್ರಿ ಮನೆಯೊಳಗೆ ನಿಂತರೆ ಎಲೆ ಕಡಿಯುವ ಸದ್ದು ಸಣ್ಣ ಮಳೆಯಂತೆ ಕೇಳುತ್ತದೆ. ಆಮೇಲೆ ಒಂದು ದಿನ ಹುಳು ಮೇವು ಮೂಸುವುದಿಲ್ಲ, ಮೈ ಬೆಳಕಿಗೆ ಹಿಡಿದರೆ ಆರಪಾರ ಕಾಣುವಂತೆ ತೆಳುವಾಗುತ್ತದೆ, ತಲೆ ಆಡಿಸುತ್ತಾ ಗೂಡು ಕಟ್ಟಲು ಜಾಗ ಹುಡುಕುತ್ತದೆ. ಹಣ್ಣಾಯಿತು ಎಂದರೆ ಇದು. ಹಣ್ಣಾದ ಹುಳುವನ್ನು ತಡಮಾಡದೆ ಆರಿಸಿ, ಗೂಡು ಕಟ್ಟಲು ಇಡುವ ಚಂದ್ರಿಕೆಗೆ ಬಿಡಬೇಕು. ತಡವಾದರೆ ನೂಲು ತಟ್ಟೆಯ ಪಾಲು.

ಒಂದು ಹಗಲು ಒಂದು ರಾತ್ರಿಯಲ್ಲಿ ಸಾವಿರಾರು ಹುಳು ಆರಿಸುವುದು ಒಂದು ಸಂಸಾರದ ಕೈಯಲ್ಲಿ ಆಗುವ ಕೆಲಸವಲ್ಲ. ಅಲ್ಲಿಗೆ ಹುಳುವಿನ ಲೆಕ್ಕ ಮುಗಿದು ಜನರ ಲೆಕ್ಕ ಶುರುವಾಗುತ್ತದೆ. "ಶುಕ್ರವಾರ ಹಣ್ಣಾಗ್ತದೆ ಕಣಣ್ಣ, ನಿಮ್ಮನೆಯೋರ್ನ ಕಳಿಸು" ಎಂದು ವಾರ ಮುಂಚೆ ಹೇಳಿಟ್ಟಿರಬೇಕು. ಹೋದ ತಿಂಗಳು ಆ ಮನೆಯ ಹುಳು ಹಣ್ಣಾದಾಗ ಇವರು ಹೋಗಿದ್ದರು, ಈಗ ಅವರು ಬರುತ್ತಾರೆ. ಮುಯ್ಯಾಳು ಎನ್ನುವುದು ಇದನ್ನೇ. ಚಂದ್ರಿಕೆ ಸಾಲದಿದ್ದರೆ ಬಾಡಿಗೆಗೆ ಯಾರ ಹತ್ತಿರ ಖಾಲಿ ಇರುತ್ತದೆ, ಸೊಪ್ಪು ಸಾಲದಿದ್ದರೆ ಯಾರ ತೋಟದಲ್ಲಿ ಮಿಗುತ್ತದೆ ಎನ್ನುವುದೂ ತಲೆಯಲ್ಲಿ ಇರಬೇಕು. ಹುಳುವಿನ ಜ್ವರ ಒಂದು ದಿನ ಹಿಂದು ಮುಂದಾದರೆ ಇಡೀ ಕೇರಿಯ ಏರ್ಪಾಡು ಒಂದು ದಿನ ಸರಿಯುತ್ತದೆ. ಯಾರೂ ಸಿಟ್ಟಾಗುವುದಿಲ್ಲ, ಏಕೆಂದರೆ ಎಲ್ಲರ ಮನೆಯ ಹುಳುವೂ ಒಮ್ಮೆಯಾದರೂ ಹಾಗೆ ಮಾಡಿದೆ.

ಗೂಡು ಕಟ್ಟಿದ ಮೇಲೂ ಬಿಡುವಿಲ್ಲ. ಐದಾರು ದಿನಕ್ಕೆ ಬಿಡಿಸಿ ಮಾರುಕಟ್ಟೆಗೆ ಸಾಗಿಸಬೇಕು. ಇನ್ನೊಂದು ವಾರ ಕಳೆದರೆ ಒಳಗಿನ ಚಿಟ್ಟೆ ಗೂಡು ತೂತು ಮಾಡಿ ಹೊರಬರುತ್ತದೆ, ಆ ಗೂಡಿನಿಂದ ಎಳೆ ಬರುವುದಿಲ್ಲ. ಶಿಡ್ಲಘಟ್ಟದ ಗೂಡು ಮಾರುಕಟ್ಟೆಯಲ್ಲಿ ನೂಲು ಬಿಚ್ಚುವ ರೀಲರುಗಳು ಈಗ ಮೊಬೈಲಿನಲ್ಲಿ ಹರಾಜು ಕೂಗುತ್ತಾರೆ. ಹಬ್ಬದ ರಜೆ ಯಾವತ್ತು, ರೀಲರುಗಳ ಮನೆಯಲ್ಲಿ ಬಿಚ್ಚಣಿಕೆ ನಿಲ್ಲುವುದು ಯಾವತ್ತು ಎಂದು ನೋಡಿಕೊಂಡೇ ಜಾಣ ರೈತ ತಿಂಗಳು ಮುಂಚೆ ಹುಳು ಇಳಿಸುತ್ತಾನೆ. ರಂಜಾನ್ ತಿಂಗಳು ಈ ವರ್ಷ ಯಾವಾಗ ಬರುತ್ತದೆ ಎಂದು ಶಿಡ್ಲಘಟ್ಟದ ಸುತ್ತಿನ ಒಕ್ಕಲಿಗನೂ ವಿಚಾರಿಸುತ್ತಾನೆ, ಮದುವೆ ತಿಂಗಳುಗಳಲ್ಲಿ ಸೀರೆಗೆ ಬೇಡಿಕೆ ಏರುತ್ತದೆಂದು ರೀಲರೂ ಲೆಕ್ಕ ಹಾಕುತ್ತಾನೆ. ಒಬ್ಬರ ಕ್ಯಾಲೆಂಡರನ್ನು ಇನ್ನೊಬ್ಬರು ಓದದೆ ಇಲ್ಲಿ ಬದುಕು ನಡೆಯುವುದಿಲ್ಲ.

ಇಷ್ಟಕ್ಕೂ ಮೂಲದಲ್ಲಿ ಒಂದು ದೊಡ್ಡ ಊಹೆ ಅಡಗಿದೆ: ತಂದ ಮೊಟ್ಟೆಯಲ್ಲಿ ರೋಗವಿಲ್ಲ ಎನ್ನುವುದು. ಗಂಟು ರೋಗ ತಾಯಿ ಚಿಟ್ಟೆಯಿಂದ ಮೊಟ್ಟೆಗೆ ಇಳಿಯುತ್ತದೆ. ಮೊಟ್ಟೆ ನೋಡಿದರೆ ಬರಿಗಣ್ಣಿಗೆ ಏನೂ ತಿಳಿಯುವುದಿಲ್ಲ. 1865ರಿಂದ ಫ್ರಾನ್ಸಿನ ಅಲೆಸ್‌ನಲ್ಲಿ ಈ ರೋಗದ ಬೆನ್ನು ಹತ್ತಿದ ಲೂಯಿ ಪಾಶ್ಚರ್ ಕಂಡುಕೊಂಡ ದಾರಿ ಸರಳವಾಗಿತ್ತು. ಮೊಟ್ಟೆಯನ್ನು ನೋಡಬೇಡ, ಮೊಟ್ಟೆ ಇಟ್ಟ ತಾಯಿಯನ್ನು ನೋಡು. ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದ ಕೆಳಗೆ ಇಟ್ಟಾಗ ರೋಗದ ಕಣ ಕಂಡರೆ ಅದು ಇಟ್ಟ ಮೊಟ್ಟೆಯೆಲ್ಲ ಸುಡಬೇಕು. ಇವತ್ತಿಗೂ ಮೊಟ್ಟೆ ತಯಾರಿಸುವ ಬಿತ್ತನೆ ಕೋಠಿಗಳಲ್ಲಿ ನಡೆಯುವುದು ಅದೇ ಪರೀಕ್ಷೆ. ರೈತ ರೋಗರಹಿತ ಮೊಟ್ಟೆ ಎಂದು ನಂಬಿ ಕೊಳ್ಳುವಾಗ, ಎಲ್ಲೋ ಒಂದು ಮೇಜಿನ ಮುಂದೆ ಕೂತ ಹೆಣ್ಣುಮಗಳು ಕಣ್ಣು ಕೀಲಿಸಿ ನೋಡಿದ್ದಾಳೆ ಎಂದು ನಂಬಿರುತ್ತಾನೆ. ಅವಳ ಮುಖ ಅವನಿಗೆ ಗೊತ್ತಿಲ್ಲ. ನಮ್ಮ ದಿನನಿತ್ಯದ ಭರವಸೆಗಳ ದೊಡ್ಡ ಪಾಲು ಹೀಗೆ ಹೆಸರು ಗೊತ್ತಿಲ್ಲದವರ ನಿಯತ್ತಿನ ಮೇಲೆ ನಿಂತಿದೆ. ನನಗೆ ಇದು ಬಹಳ ದೊಡ್ಡ ಸಂಗತಿ ಎನ್ನಿಸುತ್ತದೆ.

ಮುಯ್ಯಾಳಿನ ತರ್ಕವೇ ಮದುವೆ ಮನೆಯ ಮುಯ್ಯಿಯದು. ಊಟದ ಹಾಲ್‌ನ ಬಾಗಿಲ ಹತ್ತಿರ ಮೇಜು ಹಾಕಿಕೊಂಡು ಇಬ್ಬರು ಕೂತಿರುತ್ತಾರೆ. ಒಬ್ಬರು ದುಡ್ಡು ಎಣಿಸುತ್ತಾರೆ, ಇನ್ನೊಬ್ಬರು ಊರು, ಹೆಸರು, ಮೊತ್ತ ಬರೆಯುತ್ತಾರೆ. ಮದುವೆಯಾದ ಮೇಲೆ ಆ ಪುಸ್ತಕ ಬೀರುವಿನ ಒಳಗೆ ಪತ್ರಗಳ ಜೊತೆ ಸೇರುತ್ತದೆ. ಹತ್ತು ವರ್ಷದ ನಂತರ ಆ ಊರಿನಿಂದ ಲಗ್ನಪತ್ರಿಕೆ ಬಂದರೆ ಪುಸ್ತಕ ತೆಗೆದು ನೋಡಿ, ಅವರು ಬರೆಸಿದ್ದಕ್ಕೆ ಒಂದಿಷ್ಟು ಸೇರಿಸಿ ಬರೆಸುತ್ತಾರೆ. ಇದನ್ನು ಬರೀ ಉಡುಗೊರೆ ಎಂದು ನೋಡಿದರೆ ಅರ್ಥ ತಪ್ಪುತ್ತದೆ. ಮಗಳು ಇನ್ನೂ ಅಂಗನವಾಡಿಯಲ್ಲಿರುವಾಗಲೇ ಅವಳ ಮದುವೆಯ ಖರ್ಚಿನ ಒಂದು ಪಾಲನ್ನು ಇಪ್ಪತ್ತು ಊರುಗಳ ಮನೆಗಳಲ್ಲಿ ಹಂಚಿಟ್ಟ ಹಾಗೆ. 2020ರ ಮಾರ್ಚ್ 24ರ ರಾತ್ರಿ ಲಾಕ್‌ಡೌನ್ ಘೋಷಣೆಯಾದಾಗ ಲಗ್ನಪತ್ರಿಕೆ ಹಂಚಿ ಮುಗಿಸಿದ್ದ ಮನೆಗಳ ಸಂಕಟದಲ್ಲಿ ಇದೂ ಸೇರಿತ್ತು: ಮನೆಯಂಗಳದಲ್ಲಿ ಹತ್ತು ಜನರ ಮುಂದೆ ತಾಳಿ ಕಟ್ಟಿಸಬಹುದು, ಆದರೆ ವರ್ಷಗಟ್ಟಲೆ ಊರೂರಿಗೆ ಹೋಗಿ ಬರೆಸಿದ ಮುಯ್ಯಿ ಹಿಂದಿರುಗುವ ದಿನ ಇನ್ನೊಂದಿಲ್ಲ.

ಚೀಟಿಯಲ್ಲಂತೂ ಮುಂದಿನ ದಿನಕ್ಕೆ ಬೆಲೆಯನ್ನೇ ಕಟ್ಟುತ್ತಾರೆ. ಇಪ್ಪತ್ತು ಜನ, ತಿಂಗಳಿಗೆ ತಲಾ ₹5,000, ಒಟ್ಟು ಒಂದು ಲಕ್ಷದ ಹರಾಜು ಚೀಟಿ ಎನ್ನಿ. ಮೂರನೇ ತಿಂಗಳಲ್ಲೇ ಬೋರ್‌ವೆಲ್ ಕೊರೆಸಬೇಕಾದವನು ₹22,000 ಬಿಟ್ಟುಕೊಟ್ಟು ₹78,000ಕ್ಕೆ ಎತ್ತುತ್ತಾನೆ. ಬಿಟ್ಟುಕೊಟ್ಟದ್ದು ಉಳಿದವರಿಗೆ ಹಂಚಿಹೋಗುತ್ತದೆ. ಕೊನೆಯ ತಿಂಗಳವರೆಗೂ ಕಾದವಳಿಗೆ ಪೂರ್ತಿ ಮೊತ್ತ. ಯಾರಿಗೆ ಯಾವಾಗ ತುರ್ತು ಬರಬಹುದು ಎಂಬುದು ಗುಂಪಿನ ಎಲ್ಲರಿಗೂ ಸುಮಾರಾಗಿ ಗೊತ್ತಿರುತ್ತದೆ. ಆ ಮನೆಯ ಹುಡುಗಿಯನ್ನು ನೋಡಿಕೊಂಡು ಹೋಗಿದ್ದಾರೆ, ಈ ತಿಂಗಳು ಅವರು ಜೋರಾಗಿ ಕೂಗುತ್ತಾರೆ ಎಂದು ತಿಳಿದು ಬೇರೆಯವರು ಸುಮ್ಮನಿರುವುದೂ ಉಂಟು. ಆ ಸುಮ್ಮನಿರುವಿಕೆಯಲ್ಲಿ ವ್ಯವಹಾರ ಎಷ್ಟು, ದಾಕ್ಷಿಣ್ಯ ಎಷ್ಟು ಎಂದು ಬೇರ್ಪಡಿಸಲು ಆಗದು.

ಜನರ ನಡವಳಿಕೆ ಹೀಗೆ ಹಿಡಿತಕ್ಕೆ ಸಿಗುತ್ತದೆ. ನೆಲ ಮತ್ತು ಆಕಾಶ ಸಿಗುವುದಿಲ್ಲ.

ಮಳೆಯ ವಿಚಾರದಲ್ಲಿ ಹಿರಿಯರು ಇಟ್ಟುಕೊಂಡಿರುವ ಲೆಕ್ಕವನ್ನು ಹಗುರವಾಗಿ ಕಾಣಬಾರದು. "ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ" ಎನ್ನುವ ಗಾದೆಯ ಹಿಂದೆ ಒಂದು ಗಟ್ಟಿ ಗಣಿತವಿದೆ. ಸೂರ್ಯ ವರ್ಷದಲ್ಲಿ 27 ನಕ್ಷತ್ರಗಳನ್ನು ಹಾಯುತ್ತಾನೆ, ಒಂದೊಂದರಲ್ಲಿ ಹದಿಮೂರು ಹದಿನಾಲ್ಕು ದಿನ. ಹಬ್ಬಗಳ ತಿಥಿಯಂತೆ ಇದು ವರ್ಷವರ್ಷಕ್ಕೆ ಜಾರುವುದಿಲ್ಲ. ಭರಣಿ ಏಪ್ರಿಲ್ ಕೊನೆಗೆ, ರೋಹಿಣಿ ಮೇ ಕೊನೆಗೆ, ಆರಿದ್ರೆ ಜೂನ್ 22ರ ಹೊತ್ತಿಗೆ, ಹಸ್ತೆ ಸೆಪ್ಟೆಂಬರ್ ಕೊನೆಗೆ ಬಂದೇ ಬರುತ್ತದೆ. ಅಂದರೆ ಮಳೆ ನಕ್ಷತ್ರದ ಹೆಸರು ಹೇಳುವುದು ಮಳೆಯನ್ನಲ್ಲ, ತಾರೀಖನ್ನು. ಆ ತಾರೀಖಿನಲ್ಲಿ ಸಾಮಾನ್ಯವಾಗಿ ಏನಾಗುತ್ತಿತ್ತು ಎಂಬುದನ್ನು ಗಾದೆ ಹೇಳುತ್ತದೆ. ತಲೆಮಾರುಗಳ ಸರಾಸರಿ ಅದು. ಈ ಸೀಮೆಯಲ್ಲಿ ದೊಡ್ಡ ಮಳೆ ಬೀಳುವುದು ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ. ಅದನ್ನು ನೋಡಿಕೊಂಡೇ ಕಡಲೆಕಾಯಿ, ರಾಗಿಯ ಬಿತ್ತನೆ ಹೊಂದಿಸಿದ್ದರು. ಈಗ ಗ್ರಾಮ ಪಂಚಾಯಿತಿಗೊಂದರಂತೆ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳಿವೆ, ಅವರ ವರುಣಮಿತ್ರ ಸಹಾಯವಾಣಿಗೆ ಫೋನ್ ಮಾಡಿದರೆ ನಿಮ್ಮ ಊರಿನ ಮುನ್ಸೂಚನೆ ಹೇಳುತ್ತಾರೆ. ಗಾದೆ ಹೇಳುವುದು ವಾಡಿಕೆಯನ್ನು, ಮುನ್ಸೂಚನೆ ಹೇಳುವುದು ಈ ವಾರವನ್ನು. ಎರಡೂ ಬೇಕು. ನನ್ನ ಮಟ್ಟಿಗೆ ಇವೆರಡರ ನಡುವೆ ಜಗಳವಿಲ್ಲ.

ಬೋರ್‌ವೆಲ್‌ನ ಕತೆ ಬೇರೆ. ಇಲ್ಲಿನ ನೆಲದ ಕೆಳಗಿರುವುದು ಗಟ್ಟಿ ಕಗ್ಗಲ್ಲು. ನೀರು ಇರುವುದು ಅದರ ಬಿರುಕುಗಳಲ್ಲಿ. ಪಕ್ಕದ ಹೊಲದಲ್ಲಿ ಮೂರು ಇಂಚು ನೀರು ಬಿದ್ದರೂ ನೂರು ಅಡಿ ಈಚೆ ಕೊರೆದವನಿಗೆ ಸಾವಿರ ಅಡಿ ದಾಟಿದರೂ ಬರೀ ಧೂಳು ಬರಬಹುದು. ಹಿಂದೆ ಆದದ್ದು ಮುಂದೆಯೂ ಆಗುತ್ತದೆ, ಅವರಿಗೆ ಆದದ್ದು ನಮಗೂ ಆಗುತ್ತದೆ ಎಂಬ ನಿತ್ಯದ ನಿಯಮ ಇಲ್ಲಿ ನಡೆಯುವುದಿಲ್ಲ. ಆಗ ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು, ಇಲ್ಲವೇ ಕವಲು ಕಡ್ಡಿ ಹಿಡಿದು ಹೊಲ ಸುತ್ತುವವರು ಬರುತ್ತಾರೆ. ಕಾಯಿ ನಿಂತ ಕಡೆ ಪಾಯಿಂಟು. ಟ್ರೋಬ್ರಿಯಾಂಡ್ ದ್ವೀಪಗಳಲ್ಲಿ ಮೊದಲ ಮಹಾಯುದ್ಧದ ಕಾಲಕ್ಕೆ ನೆಲೆಸಿ ಅಧ್ಯಯನ ಮಾಡಿದ ಮಾನವಶಾಸ್ತ್ರಜ್ಞ ಮಲಿನೋವ್‌ಸ್ಕಿ ಗಮನಿಸಿದ್ದ: ಒಳಗಡಲಿನ ಸುರಕ್ಷಿತ ಮೀನುಗಾರಿಕೆಗೆ ಜನ ತಮ್ಮ ತಿಳಿವಳಿಕೆಯನ್ನೇ ನಂಬುತ್ತಾರೆ, ಅಪಾಯದ ತೆರೆಗಡಲಿಗೆ ಹೊರಟಾಗ ಮಂತ್ರ ತಂತ್ರ ಹೆಚ್ಚುತ್ತದೆ. ನಮ್ಮಲ್ಲೂ ರೇಷ್ಮೆ ಮನೆಗೆ ಪೂಜೆಯುಂಟು, ದೃಷ್ಟಿ ತೆಗೆಯುವುದುಂಟು. ಆದರೆ ಹುಳು ಹಣ್ಣಾಗುವ ದಿನ ಯಾವುದು ಎಂದು ಯಾರೂ ತೆಂಗಿನಕಾಯಿಯನ್ನು ಕೇಳುವುದಿಲ್ಲ. ಅದು ಅವರಿಗೇ ಗೊತ್ತು. ಸಾಲ ಮಾಡಿ ಲಕ್ಷಗಳನ್ನು ನೆಲದೊಳಗೆ ಇಳಿಸುವ ಮುಂಚೆ ಮನುಷ್ಯನಿಗೆ ಒಂದು ಆಸರೆ ಬೇಕಾಗುತ್ತದೆ. ಅದನ್ನು ಅಜ್ಞಾನ ಎಂದು ಬಯ್ಯುವುದರಿಂದ ಅವನ ಕಷ್ಟ ಕಡಿಮೆಯಾಗುವುದಿಲ್ಲ.

ಆದರೂ ಪರೀಕ್ಷಿಸಿ ನೋಡಬೇಕು ಎಂದು ಪಟ್ಟು ಹಿಡಿದ ವ್ಯಕ್ತಿ ಇದೇ ಗೌರಿಬಿದನೂರು ತಾಲ್ಲೂಕಿನವರು. 1920ರಲ್ಲಿ ಹೊಸೂರಿನಲ್ಲಿ ಹುಟ್ಟಿದ ಎಚ್. ನರಸಿಂಹಯ್ಯ ಓದಿಗಾಗಿ ಅಲ್ಲಿಂದ ಬೆಂಗಳೂರಿಗೆ ನಡೆದೇ ಹೋದವರು. ಮುಂದೆ ಅಮೆರಿಕದ ಓಹಾಯೊ ರಾಜ್ಯ ವಿಶ್ವವಿದ್ಯಾಲಯದಲ್ಲಿ ಪರಮಾಣು ಭೌತವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದು ಬಂದರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನೂ ಪರೀಕ್ಷೆಗೆ ಒಳಪಡಿಸಬಹುದಾದ ಮೂಢನಂಬಿಕೆಗಳನ್ನೂ ತನಿಖೆ ಮಾಡಲು ಸಮಿತಿ ರಚಿಸಿದರು. ಪ್ರಶ್ನೆ ಕೇಳದೆ ಯಾವುದನ್ನೂ ಒಪ್ಪಬೇಡಿ ಎನ್ನುವುದು ಅವರ ಜೀವಮಾನದ ಬೋಧನೆ. ಫಲಿಸಿದ ಭವಿಷ್ಯ ಎಲ್ಲರ ಬಾಯಲ್ಲಿ ಉಳಿಯುತ್ತದೆ, ಫಲಿಸದೆ ಹೋದದ್ದನ್ನು ಯಾರೂ ಬರೆದಿಡುವುದಿಲ್ಲ. ಕಾಯಿ ತೋರಿಸಿದ ಜಾಗಗಳಲ್ಲಿ ನೀರು ಬಿದ್ದವೆಷ್ಟು, ಬೀಳದವೆಷ್ಟು ಎಂದು ಮುಯ್ಯಿ ಪುಸ್ತಕದಷ್ಟೇ ಶಿಸ್ತಿನಿಂದ ಒಂದು ಊರು ಬರೆದಿಟ್ಟರೆ ಸಾಕು, ಚರ್ಚೆಯೇ ಬೇಕಾಗುವುದಿಲ್ಲ.

ವಿಜ್ಞಾನದ ಮಿತಿಯನ್ನು ತೋರಿಸುವ ಸಂಸ್ಥೆಯೂ ಇಲ್ಲೇ ಇದೆ. ಗೌರಿಬಿದನೂರಿನ ಸುತ್ತ 1960ರ ದಶಕದಿಂದ ಭಾಭಾ ಅಣು ಸಂಶೋಧನಾ ಕೇಂದ್ರದ ಭೂಕಂಪ ಮಾಪಕಗಳ ಸಾಲು ಹೊಲ ಗದ್ದೆಗಳ ನಡುವೆ ಎಲ್ ಆಕಾರದಲ್ಲಿ ಹರಡಿಕೊಂಡಿದೆ. ಭೂಮಿಯ ಇನ್ನೊಂದು ಮಗ್ಗುಲಲ್ಲಿ ನಡೆದ ಅಣು ಸ್ಫೋಟವೂ ಇಲ್ಲಿ ದಾಖಲಾಗುತ್ತದೆ. ಬ್ರಿಟಿಷರ ಸಹಕಾರದಲ್ಲಿ ಕಟ್ಟಿದ ಇದೇ ಮಾದರಿಯ ಸಾಲುಗಳು ಸ್ಕಾಟ್ಲೆಂಡ್, ಕೆನಡಾ, ಆಸ್ಟ್ರೇಲಿಯಾಗಳಲ್ಲಿವೆ. ಎಲ್ಲಿ ನಡುಗಿತು ಎಂದು ಅವು ಹೇಳಬಲ್ಲವು. ಯಾವತ್ತು ನಡುಗುತ್ತದೆ ಎಂದು ಹೇಳುವ ಯಂತ್ರ ಜಗತ್ತಿನಲ್ಲಿ ಎಲ್ಲೂ ಇಲ್ಲ. 2021ರ ಡಿಸೆಂಬರ್ 22ರ ಬೆಳಿಗ್ಗೆ ಏಳು ಗಂಟೆ ದಾಟುತ್ತಿದ್ದಂತೆ ಚಿಕ್ಕಬಳ್ಳಾಪುರದ ಬಳಿ 2.9 ಮತ್ತು 3.0 ತೀವ್ರತೆಯ ಎರಡು ಕಂಪನಗಳಾದವು. ಗೋಡೆ ಕೆಡವುವಷ್ಟು ಶಕ್ತಿ ಅವಕ್ಕೆ ಇರಲಿಲ್ಲ, ಆದರೂ ಹಳ್ಳಿಗಳಲ್ಲಿ ಜನ ಮನೆಯೊಳಗೆ ಮಲಗಲು ಹೆದರಿದರು. ಅದು ಸಹಜ. ನೆಲ ಅಲುಗುವುದಿಲ್ಲ ಎನ್ನುವುದು ನಾವು ಊಹೆ ಎಂದು ಗುರುತಿಸದಷ್ಟು ಆಳಕ್ಕೆ ಇಳಿದ ಊಹೆ. ಅದು ಒಮ್ಮೆ ತಪ್ಪಿದರೆ ಉಳಿದ ಎಲ್ಲ ಊಹೆಗಳೂ ಸಡಿಲವಾಗುತ್ತವೆ.

ಸರ್ಕಾರದ ಮಾತನ್ನು ಕಾಯುವುದು ಇನ್ನೊಂದು ಬಗೆ. ಎತ್ತಿನಹೊಳೆ ಯೋಜನೆಗೆ ಚಿಕ್ಕಬಳ್ಳಾಪುರದಲ್ಲಿ ಶಂಕುಸ್ಥಾಪನೆ ಆದದ್ದು 2014ರಲ್ಲಿ. ಪಶ್ಚಿಮ ಘಟ್ಟದ 24 ಟಿಎಂಸಿ ನೀರನ್ನು ಎತ್ತಿ ಬಯಲುಸೀಮೆಗೆ ಹರಿಸುವ ಮಾತು. ಮೊದಲ ಹಂತದ ಪಂಪುಗಳಿಗೆ ಸಕಲೇಶಪುರದ ಕಡೆ ಚಾಲನೆ ಸಿಕ್ಕಿದ್ದು 2024ರ ಸೆಪ್ಟೆಂಬರ್ 6ರ ಗೌರಿ ಹಬ್ಬದ ದಿನ. ಆ ಹತ್ತು ವರ್ಷದಲ್ಲಿ ₹12,912 ಕೋಟಿಯ ಅಂದಾಜು ₹23,251 ಕೋಟಿಗೆ ಏರಿತ್ತು. ಶಂಕುಸ್ಥಾಪನೆಯ ವರ್ಷ ಒಂದನೇ ತರಗತಿಗೆ ಸೇರಿದ ಮಗು ಅಷ್ಟರಲ್ಲಿ ಹೈಸ್ಕೂಲು ಮುಗಿಸುವ ವಯಸ್ಸಿಗೆ ಬಂದಿತ್ತು. ಹುಳು ಒಂದು ದಿನ ತಡಮಾಡಿದರೆ ಕೇರಿಯೆಲ್ಲ ಹೊಂದಿಕೊಳ್ಳುತ್ತದೆ ಎಂದೆನಲ್ಲ, ಅದಕ್ಕೆ ಕಾರಣ ತಡವಾದದ್ದು ಏಕೆ, ಇನ್ನೆಷ್ಟು ದಿನ ಎನ್ನುವುದು ಎಲ್ಲರಿಗೂ ಕಾಣುತ್ತಿರುವುದು. ಕಾಲುವೆಯ ವಿಷಯದಲ್ಲಿ ಕಾಯುವವನಿಗೆ ಅದು ಕಾಣುವುದಿಲ್ಲ. ಯಾವ ತಿಂಗಳು ಎಷ್ಟು ಕೆಲಸ ಆಯಿತು, ಎಲ್ಲಿ ನಿಂತಿದೆ ಎಂದು ಪಂಚಾಯಿತಿ ಕಟ್ಟೆಯ ಮುಂದೆ ಬರೆದು ಹಾಕಿದ್ದರೆ ಜನ ತಮ್ಮ ಬೆಳೆ, ಸಾಲ, ಮನೆ ಕಟ್ಟುವುದನ್ನು ಅದಕ್ಕೆ ಹೊಂದಿಸಿಕೊಳ್ಳುತ್ತಿದ್ದರು. ಕಾಯಿಸುವವರು ಕಾಯುವವರಿಗೆ ಇಷ್ಟಾದರೂ ಹೇಳಬೇಕಾಗಿತ್ತು.

ಇನ್ನು ಟೊಮೆಟೊ. ಚಿಂತಾಮಣಿ, ಕೋಲಾರದ ಕಡೆ ಇದರಷ್ಟು ಆಸೆ ಹುಟ್ಟಿಸುವ, ಇದರಷ್ಟು ಕೈಕೊಡುವ ಬೆಳೆ ಬೇರೊಂದಿಲ್ಲ. 2023ರ ಜುಲೈನಲ್ಲಿ ಕೋಲಾರದ ಮಾರುಕಟ್ಟೆಯಲ್ಲಿ 15 ಕಿಲೋ ಬಾಕ್ಸು ₹2,000 ದಾಟಿತು. ಸುದ್ದಿ ಕೇಳಿದವರೆಲ್ಲ ನಾರು, ಅಂದರೆ ಸಸಿ, ಕೊಂಡು ನೆಟ್ಟರು. ನಾಟಿಯಿಂದ ಮೊದಲ ಕೊಯ್ಲಿಗೆ ಎರಡು ತಿಂಗಳಿಗೂ ಹೆಚ್ಚು ಬೇಕು. ಅದು ಮಾರುಕಟ್ಟೆಗೆ ಬರುವ ಹೊತ್ತಿಗೆ ಎಲ್ಲ ಕಡೆಯ ಮಾಲೂ ಬಂದಿರುತ್ತದೆ. ಅದೇ ಸೆಪ್ಟೆಂಬರಿನ ಹೊತ್ತಿಗೆ ಬೆಲೆ ಕುಸಿದು, ಕೀಳುವ ಕೂಲಿ, ಸಾಗಿಸುವ ಬಾಡಿಗೆ ಹುಟ್ಟುವುದೂ ಕಷ್ಟವಾಯಿತು. ಹೀಗೆ ಬೆಲೆ ಮತ್ತು ಬೆಳೆ ಒಂದನ್ನೊಂದು ಅಟ್ಟಿಸಿಕೊಂಡು ಹೋಗುವುದನ್ನು ಅರ್ಥಶಾಸ್ತ್ರಜ್ಞ ನಿಕೊಲಸ್ ಕಾಲ್ಡೋರ್ 1934ರಲ್ಲಿ ಜೇಡರ ಬಲೆಯ ಸಿದ್ಧಾಂತ ಎಂದು ಕರೆದ, ನಕ್ಷೆಯಲ್ಲಿ ಬರೆದರೆ ಗೆರೆಗಳು ಬಲೆಯಂತೆ ಸುತ್ತಿಕೊಳ್ಳುವುದರಿಂದ. ರೈತ ದಡ್ಡ ಎಂದು ಇದರ ಅರ್ಥವಲ್ಲ. ಒಬ್ಬೊಬ್ಬರಾಗಿ ನೋಡಿದರೆ ಎಲ್ಲರ ಲೆಕ್ಕವೂ ಸರಿಯೇ. ಆದರೆ ಮುಯ್ಯಾಳಿನಲ್ಲಿ ಎದುರು ಮನೆಯವನು ಏನು ಮಾಡುತ್ತಾನೆ ಎಂದು ಗೊತ್ತಿತ್ತು. ಟೊಮೆಟೊ ನೆಡುವವನಿಗೆ ಅನಂತಪುರ, ಮದನಪಲ್ಲಿ, ನಾಸಿಕ್‌ನಲ್ಲಿ ಅದೇ ವಾರ ಎಷ್ಟು ಜನ ನೆಡುತ್ತಿದ್ದಾರೆ ಎಂದು ಗೊತ್ತಿಲ್ಲ. ಎಲ್ಲರೂ ಒಂದೇ ನಾಳೆಯನ್ನು ಕಂಡು ಅತ್ತಲೇ ಓಡಿದಾಗ ಆ ನಾಳೆ ಅಲ್ಲಿರುವುದಿಲ್ಲ.

ಇದಕ್ಕೆ ಮದ್ದು ಇಲ್ಲವೆಂದೇನಲ್ಲ. ರೇಷ್ಮೆಯಲ್ಲಿ ಮೊಟ್ಟೆ ಮಾರಾಟವಾದ ದಿನವೇ ಗೂಡು ಮಾರುಕಟ್ಟೆಗೆ ಬರುವ ವಾರ ಗೊತ್ತಾಗಿಬಿಡುತ್ತದೆ. ನೂರು ತಾಯಿ ಚಿಟ್ಟೆಗಳ ಮೊಟ್ಟೆಗೆ ಸುಮಾರು ಅರವತ್ತರಿಂದ ಎಂಬತ್ತು ಕಿಲೋ ಗೂಡು ಎನ್ನುವುದು ಎಲ್ಲರೂ ಒಪ್ಪುವ ಲೆಕ್ಕ. ಬಿತ್ತನೆ ಕೋಠಿ ಮತ್ತು ಚಾಕಿ ಕೇಂದ್ರಗಳ ಮಾರಾಟವನ್ನು ಕೂಡಿಸಿದರೆ ಮುಂದಿನ ತಿಂಗಳ ಯಾವ ವಾರ ಶಿಡ್ಲಘಟ್ಟಕ್ಕೆ ಎಷ್ಟು ಗೂಡು ಬರಬಹುದು ಎನ್ನುವುದು ಸುಮಾರಾಗಿ ಸಿಗುತ್ತದೆ. ಟೊಮೆಟೊಗೂ ಹಾಗೆಯೇ: ಈಗ ಬಹುಪಾಲು ರೈತರು ನಾರು ತರುವುದು ನರ್ಸರಿಗಳಿಂದ, ಅಲ್ಲಿ ಇಪ್ಪತ್ತೈದು ಮೂವತ್ತು ದಿನ ಬೆಳೆದೇ ಹೊಲಕ್ಕೆ ಬರಬೇಕು. ಯಾವ ನರ್ಸರಿಯಲ್ಲಿ ಎಷ್ಟು ಟ್ರೇ ಹೋಯಿತು ಎಂದು ವಾರ ವಾರ ತಿಳಿದರೆ ಎಪ್ಪತ್ತು ದಿನ ಆಚೆಯ ಮಾರುಕಟ್ಟೆ ಅಷ್ಟರಮಟ್ಟಿಗೆ ಕಣ್ಣಿಗೆ ಬೀಳುತ್ತದೆ. ಹರಾಜಿನ ಬೆಲೆ ಈಗಾಗಲೇ ಮೊಬೈಲಿಗೆ ಬರುತ್ತಿದೆ. ಅದು ನಿನ್ನೆಯ ಸುದ್ದಿ. ಅದರ ಪಕ್ಕದಲ್ಲೇ ನೆಟ್ಟ ನಾರಿನ, ಇಳಿಸಿದ ಹುಳುವಿನ ಲೆಕ್ಕವೂ ಬರಬೇಕು, ಕನ್ನಡದಲ್ಲಿ ಬರಬೇಕು, ಗಡಿಯಾಚೆಯ ಹಿಂದೂಪುರ, ಮದನಪಲ್ಲಿಯ ಲೆಕ್ಕವನ್ನೂ ಸೇರಿಸಿಕೊಂಡು ಬರಬೇಕು. ಎಲ್ಲರಿಗೂ ಒಂದೇ ಸುದ್ದಿ ಸಿಕ್ಕರೆ ಎಲ್ಲರೂ ಹಿಂದೆಗೆದು, ಆಮೇಲೆ ಮಾಲೇ ಇಲ್ಲದಂತಾಗುವುದಿಲ್ಲವೇ ಎಂದು ಕೇಳುವವರಿದ್ದಾರೆ. ಮೊದಲ ಒಂದೆರಡು ಬೆಳೆಗೆ ಹಾಗೂ ಆಗಬಹುದು. ಆದರೆ ವಾರ ವಾರ ಲೆಕ್ಕ ಬದಲಾಗುತ್ತಾ ಹೋದರೆ, ಇಷ್ಟು ಜನ ಬಿಟ್ಟರು, ಇಷ್ಟು ಜನ ಹಿಡಿದರು ಎನ್ನುವುದೂ ಅದರಲ್ಲೇ ಕಾಣುತ್ತದೆ. ಚೀಟಿ ಹರಾಜಿನಲ್ಲಿ ಯಾವ ತಿಂಗಳು ಕೂಗಬೇಕು, ಯಾವ ತಿಂಗಳು ಸುಮ್ಮನಿರಬೇಕು ಎಂದು ತೂಗಿ ನೋಡುವ ಜನಕ್ಕೆ ಅದನ್ನು ಓದುವುದು ಯಾರೂ ಹೇಳಿಕೊಡಬೇಕಾಗಿಲ್ಲ.